ತುರಿಕೆಯ ರಾತ್ರಿಗೆ ಹಕ್ಕಿಯ ದನಿ

ಆರೋಗ್ಯ ಪಾಠ: ಮನಸ್ಸಿನ ಒತ್ತಡ, ಚರ್ಮ ಮತ್ತು ಪ್ರಕೃತಿಯ ಸಪ್ಪಳ



ಇಸಬು, ಸೋರಿಯಾಸಿಸ್‌ನಂಥ ಚರ್ಮರೋಗ ಇರುವವರನ್ನು ಕೇಳಿ ನೋಡಿ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಕಳೆಯುವುದಿಲ್ಲ ಎನ್ನುತ್ತಾರೆ. ದೀಪ ಆರಿಸಿ, ಹೊದಿಕೆಯೊಳಗೆ ಮೈ ಬೆಚ್ಚಗಾದ ಕೂಡಲೇ ತುರಿಕೆ ಏಳುತ್ತದೆ. ಕೆರೆದುಕೊಂಡರೆ ಒಂದು ಗಳಿಗೆ ಹಿತ. ಆಮೇಲೆ ಉರಿ, ರಕ್ತ, ಮತ್ತೆ ತುರಿಕೆ. ಪಕ್ಕದಲ್ಲಿ ಮಲಗಿದ ಮನೆಯವರಿಗೂ ನಿದ್ದೆಯಿಲ್ಲ. ಈ ಪಾಠ ಆ ರಾತ್ರಿಗಾಗಿ ಬರೆದದ್ದು. ವೈದ್ಯರು ಕೊಟ್ಟ ಔಷಧದ ಜೊತೆಗೆ, ಖರ್ಚಿಲ್ಲದೆ, ನೀವೇ ಮಾಡಿಕೊಳ್ಳಬಹುದಾದ ಒಂದು ಉಪಾಯ ಇದೆ. ಮಳೆ, ಹರಿಯುವ ನೀರು, ಹಕ್ಕಿಗಳ ದನಿಯನ್ನು ಶಾಂತವಾಗಿ ಕೇಳುವುದೇ ಆ ಉಪಾಯ.

ಮನಸ್ಸಿಗೂ ಚರ್ಮಕ್ಕೂ ಏನು ಸಂಬಂಧ?

ತಾಯಿಯ ಗರ್ಭದಲ್ಲಿ ಮಗು ರೂಪುಗೊಳ್ಳುವಾಗ ಚರ್ಮದ ಮೇಲ್ಪದರ ಮತ್ತು ಮೆದುಳು, ನರಗಳು ಒಂದೇ ಪದರದಿಂದ ಬೆಳೆಯುತ್ತವೆ. ಹುಟ್ಟಿದ ಮೇಲೂ ಆ ನಂಟು ಬಿಡುವುದಿಲ್ಲ. ನಾಚಿಕೆಯಾದರೆ ಮುಖ ಕೆಂಪಾಗುತ್ತದೆ, ಹೆದರಿದರೆ ಅಂಗೈ ಬೆವರುತ್ತದೆ, ಮೈ ಜುಮ್ಮೆನ್ನುತ್ತದೆ.

ಚಿಂತೆ ಬಹುಕಾಲ ಉಳಿದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ಚರ್ಮದ ಹೊರಪದರವನ್ನು ಗೋಡೆಗೆ ಹೋಲಿಸಬಹುದು. ಅದರ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಒತ್ತಡ ಇರುವಾಗ ಈ ಗಾರೆಯ ದುರಸ್ತಿ ನಿಧಾನವಾಗುತ್ತದೆ. ಒಳಗಿನ ತೇವ ಆರಿ ಚರ್ಮ ಒಣಗುತ್ತದೆ, ಒಣ ಚರ್ಮ ತುರಿಸುತ್ತದೆ. ತುರಿಸಿದರೆ ಕೆರೆತ, ಕೆರೆದರೆ ಗಾಯ, ಗಾಯದಿಂದ ನಿದ್ದೆಗೇಡು, ನಿದ್ದೆಗೆಟ್ಟರೆ ಮತ್ತಷ್ಟು ಚಿಂತೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ಮುಲಾಮು ಈ ಸುತ್ತನ್ನು ಚರ್ಮದ ಕಡೆಯಿಂದ ತಡೆಯುತ್ತದೆ. ಮನಸ್ಸಿನ ಕಡೆಯಿಂದಲೂ ತಡೆದರೆ ಕೆಲಸ ಸುಲಭ.

ಅಮೆರಿಕದ ಓಹಿಯೋದಲ್ಲಿ ನಡೆದ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮರೆವಿನ ರೋಗದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಮತ್ತು ಅಂಥ ಹೊರೆಯಿಲ್ಲದ 13 ಮಹಿಳೆಯರ ತೋಳಿನ ಮೇಲೆ ವೈದ್ಯರು ಸಾಬೂದಾಣಿ ಕಾಳಿನಷ್ಟು ಸಣ್ಣ ಗಾಯ ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಆದ್ದರಿಂದ ಆರೈಕೆಗೆ ಬಂದವರೇ, ಈ ಪಾಠ ನಿಮಗೂ ಅಷ್ಟೇ ಸೇರಿದ್ದು.

ಪ್ರಕೃತಿಯ ಸಪ್ಪಳ ಏನು ಮಾಡುತ್ತದೆ?

ಕಿವಿಗೆ ರೆಪ್ಪೆಯಿಲ್ಲ. ಮಲಗಿದರೂ ಅದು ಕಾವಲು ಕಾಯುತ್ತಿರುತ್ತದೆ. ಹಾರ್ನ್, ಜಗಳ, ಬಿದ್ದ ತಟ್ಟೆಯ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಒಂದೇ ಲಯದ ಮಳೆ, ನಸುಕಿನ ಹಕ್ಕಿಗಳ ಚಿಲಿಪಿಲಿ ಕೇಳಿದರೆ 'ಅಪಾಯವಿಲ್ಲ' ಎಂದು ಮೈ ಸಡಿಲಾಗುತ್ತದೆ, ಉಸಿರು ನಿಧಾನವಾಗುತ್ತದೆ. ಸ್ವೀಡನ್ನಿನಲ್ಲಿ 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 40 ಜನರಿಗೆ ಕಷ್ಟದ ಲೆಕ್ಕ ಕೊಟ್ಟು ಒತ್ತಡ ತರಿಸಿ, ಆಮೇಲೆ ಬೇರೆ ಬೇರೆ ಸಪ್ಪಳ ಕೇಳಿಸಿದರು. ಅಳೆದದ್ದು ಚರ್ಮದ ಬೆವರನ್ನು. ಕಾರಂಜಿ ಮತ್ತು ಹಕ್ಕಿಗಳ ದನಿ ಕೇಳಿದಾಗ ಚರ್ಮ ರಸ್ತೆಯ ಗದ್ದಲ ಕೇಳಿದಾಗಿನದಕ್ಕಿಂತ ಬೇಗ ಶಾಂತವಾಯಿತು.

ಇನ್ನೊಂದು ಅಧ್ಯಯನ 1998ರದು. ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಪಡೆಯುತ್ತಿದ್ದ 37 ಜನರಲ್ಲಿ ಕೆಲವರಿಗೆ ಚಿಕಿತ್ಸೆಯ ವೇಳೆ ಧ್ಯಾನದ ಕ್ಯಾಸೆಟ್ ಕೇಳಿಸಲಾಯಿತು. ಕೇಳಿದವರ ಚರ್ಮ ಕೇಳದವರಿಗಿಂತ ಬೇಗ ತಿಳಿಯಾಯಿತು. ಅದು ಹಕ್ಕಿಯ ದನಿಯಾಗಿರಲಿಲ್ಲ, ಚಿಕಿತ್ಸೆಯೂ ನಿಂತಿರಲಿಲ್ಲ. ಚಿಕಿತ್ಸೆಯ ಜೊತೆ ಮನಸ್ಸು ಶಾಂತವಾದರೆ ಲಾಭವಿದೆ ಎಂಬುದು ಅದರ ಪಾಠ.

ನಮ್ಮ ಸೀಮೆಯ ಒಂದು ಉದಾಹರಣೆ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಆದರೂ ದಿನವಿಡೀ ತುಂಬು ಬಿಡಿಸುವ ಕೈಗಳಿಗೆ ಅಷ್ಟು ಖಾರವೇ ಸಾಕು. ಐವತ್ತು ದಾಟಿದ ಅಂಥ ಒಬ್ಬ ತಾಯಿ ಕೈಯ ಇಸಬಿನಿಂದ ದಾಖಲಾಗಿದ್ದರು. ಮುಲಾಮು ಹಚ್ಚಿದರೂ ಬೆಳಗಾಗುವುದರಲ್ಲಿ ಗಾಯ ಹಸಿಯಾಗಿರುತ್ತಿತ್ತು. ಸೊಸೆ ರಾತ್ರಿಯೆಲ್ಲ ಎಚ್ಚರವಿದ್ದು, "ಅತ್ತಿ, ಕೆರಕೋಬ್ಯಾಡ್ರಿ" ಎಂದು ಗದರುತ್ತಿದ್ದಳು. "ನಾ ಏನ್ ಮಾಡ್ಲಿ, ನಿದ್ದ್ಯಾಗ ಕೈ ತಾನ ಹೋಗತೈತಿ" ಎಂದು ಅತ್ತೆ ಅಳುತ್ತಿದ್ದರು.

ಮಾತನಾಡಿಸಿದಾಗ ಗೊತ್ತಾಯಿತು: ಮನೆ ಬಿಟ್ಟು ಅವರು ಹೊರಗೆ ಮಲಗಿದ್ದೇ ಅಪರೂಪ. ಕರು, ಕೂಲಿ, ಸಾಲ ಎಲ್ಲವೂ ತಲೆಯಲ್ಲಿ. ಅವರ ಮಗನಿಗೆ ಒಂದು ಕೆಲಸ ಹೇಳಿದೆವು. ನಸುಕಿನಲ್ಲಿ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತು ಹತ್ತು ನಿಮಿಷ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ತಂದ. ಗುಬ್ಬಿ, ಗೊರವಂಕ, ದೂರದ ಬೆಳವ, ನಡುವೆ ಕರುವಿನ ಕೊರಳ ಗಂಟೆ. ಮೊದಲ ರಾತ್ರಿ ಕೇಳಿದ ತಾಯಿ, "ಕರಾ ಹುಷಾರ್ ಐತಿ" ಎಂದು ನಕ್ಕರು. ತುರಿಕೆ ಮಾಯವಾಗಲಿಲ್ಲ. ಆದರೆ ನಿದ್ದೆ ಬಂತು, ಕೆರೆತ ಕಡಿಮೆಯಾಯಿತು. ಅದೇ ಮುಲಾಮಿಗೆ ಕೆಲಸ ಮಾಡಲು ಅವಕಾಶ ಸಿಕ್ಕಿತು. ಸೊಸೆಯೂ ಮಲಗಿದಳು.

ಹೇಗೆ ಕೇಳಬೇಕು?

1. ಮಲಗುವ ಮುಂಚೆ ಬಿಸಿ ನೀರು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆಯಿರಿ. ಮೆಣಸಿನಕಾಯಿ ಕೆಲಸ ಮಾಡಿದ ದಿನ ಮೊದಲು ಕೈಗೆ ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಚ್ಚಿ. ಖಾರದ ಅಂಶ ಬರಿ ನೀರಿಗೆ ಬಿಡುವುದಿಲ್ಲ.

2. ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ. ಚರ್ಮ ಹಸಿಯಿರುವಾಗಲೇ ವೈದ್ಯರು ಹೇಳಿದ ಕ್ರಮದಲ್ಲಿ ಮುಲಾಮು ಹಚ್ಚಿ. ಉಗುರು ಕತ್ತರಿಸಿರಲಿ.

3. ಆರಾಮಾಗಿ ಮಲಗಿ. ಕಿಟಕಿಯಾಚೆ ಮಳೆ, ಗಾಳಿ, ಜೀರುಂಡೆಯ ಸಪ್ಪಳ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಮೊಬೈಲಿನಲ್ಲಿ ಹಾಕಿ. ನಡುವೆ ಜಾಹೀರಾತು ಬಾರದಂತೆ ಮೊದಲೇ ಇಳಿಸಿಕೊಳ್ಳಿ. ಮನೆಯ ಹಿತ್ತಲಲ್ಲಿ ಮುದ್ರಿಸಿದ್ದಾದರೆ ಇನ್ನೂ ಒಳ್ಳೆಯದು.

4. ಧ್ವನಿ ಸಣ್ಣಗಿರಲಿ. ಪಕ್ಕದವರು ಮೆಲ್ಲಗೆ ಮಾತನಾಡಿದರೂ ನಿಮಗೆ ಕೇಳಿಸಬೇಕು. ವಾರ್ಡಿನಲ್ಲಿ ಇಯರ್‌ಫೋನ್ ಬಳಸಿ. ಕಿವಿ ಸೋರುತ್ತಿದ್ದರೆ ಅಥವಾ ಕಿವಿಯಲ್ಲಿ ಇಸಬು ಇದ್ದರೆ ಅದನ್ನು ಹಾಕಬೇಡಿ; ದಿಂಬಿನ ಬಳಿ ಸಣ್ಣ ದನಿಯಲ್ಲಿ ಇಡಿ. ಚಾರ್ಜಿಗೆ ಹಾಕಿದ ಮೊಬೈಲನ್ನು ಹಾಸಿಗೆಯಲ್ಲಿ ಇಟ್ಟುಕೊಳ್ಳಬೇಡಿ.

5. ಒಂದೊಂದೇ ದನಿಯನ್ನು ಗುರುತಿಸುತ್ತಾ ಹೋಗಿ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಹದಿನೈದು ನಿಮಿಷ ಸಾಕು.

6. ನಡುವೆ ತುರಿಕೆ ಎದ್ದರೆ ಕೆರೆಯಬೇಡಿ. ಅಂಗೈಯಿಂದ ಒತ್ತಿ ಹಿಡಿಯಿರಿ, ಇಲ್ಲವೇ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಇಡಿ. ಹಕ್ಕಿಯ ದನಿ ಹತ್ತು ಸಲ ಎಣಿಸಿ. ಅಷ್ಟರಲ್ಲಿ ತುರಿಕೆಯ ಅಲೆ ಇಳಿಯುವುದು ಸಾಮಾನ್ಯ.

ಯಾವ ಸಪ್ಪಳ ಎಂಬುದನ್ನು ರೋಗಿಯೇ ಆರಿಸಲಿ. ಹೊಳೆಯ ಸಪ್ಪಳ ಹಲವರಿಗೆ ಹಿತ. 2019ರ ಆಗಸ್ಟ್ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಅದೇ ಸಪ್ಪಳ ಭಯ ತರಬಹುದು. ಹಿರಿಯರಿಗೆ ನೀರಿನ ಸದ್ದು ಕೇಳಿ ಮೂತ್ರಕ್ಕೆ ಅವಸರವಾಗುವುದೂ ಉಂಟು. ಅವರಿಗೆ ಹಕ್ಕಿಗಳ ದನಿ ಮೇಲು.

ಆರೈಕೆಯವರಿಗೆ ಎರಡು ಮಾತು

ಒಂದು: "ಕೆರೆಯಬೇಡ" ಎಂದು ಗದರಿದರೆ ಒತ್ತಡ ಹೆಚ್ಚಿ ತುರಿಕೆಯೂ ಹೆಚ್ಚುತ್ತದೆ. ಕೈಗೆ ತಣ್ಣನೆ ಬಟ್ಟೆ ಕೊಡಿ, ಜೊತೆಗೆ ಕುಳಿತು ನೀವೂ ಕೇಳಿ.

ಎರಡು: ವಾರ್ಡಿನ ಶಾಂತಿ ನಿಮ್ಮ ಕೈಯಲ್ಲಿದೆ. ನರ್ಸಿಂಗ್ ವೃತ್ತಿಯ ಹಿರಿಯಳಾದ ಫ್ಲಾರೆನ್ಸ್ ನೈಟಿಂಗೇಲ್ 1859ರ ತನ್ನ ಪುಸ್ತಕದಲ್ಲಿ ರೋಗಿಯ ಹತ್ತಿರದ ಅನಗತ್ಯ ಸದ್ದಿಗೆಂದೇ ಒಂದು ಅಧ್ಯಾಯ ಬರೆದಳು. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ಆಸ್ಪತ್ರೆಯ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಡುತ್ತವೆ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ಜೋರಾಗಿ ಮೊಬೈಲಿನಲ್ಲಿ ಮಾತನಾಡುವವರು ಹೊರಗೆ ಹೋಗಿ ಮಾತನಾಡಿದರೆ ಇಡೀ ವಾರ್ಡಿಗೆ ಉಪಕಾರ.

ಸಪ್ಪಳದಿಂದ ಆಗದ ಕೆಲಸ

ಹಕ್ಕಿಯ ದನಿ ಕೇಳುತ್ತೇವೆಂದು ಔಷಧ ನಿಲ್ಲಿಸಬೇಡಿ. ಇವುಗಳಿಗೆ ವೈದ್ಯರೇ ಬೇಕು:

- ಮನೆಯಲ್ಲಿ ಹಲವರಿಗೆ ರಾತ್ರಿ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ: ಇದು ಕಜ್ಜಿ ಇರಬಹುದು. ಎಲ್ಲರೂ ಒಂದೇ ದಿನ ಔಷಧ ಹಚ್ಚಿ, ಬಟ್ಟೆ ಹಾಸಿಗೆ ತೊಳೆಯಬೇಕು.
- ಉಂಗುರದಂತೆ ಹರಡುವ ಹುಳಕಡ್ಡಿ: ಅಂಗಡಿಯಿಂದ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಇದನ್ನು ಕೆಡಿಸುತ್ತದೆ.
- ಸ್ಪರ್ಶ ತಿಳಿಯದ ಮಚ್ಚೆ: ಕುಷ್ಠರೋಗದ ಲಕ್ಷಣ ಇರಬಹುದು. ಬೇಗ ತೋರಿಸಿದರೆ ಪೂರ್ಣ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.
- ಗುಳ್ಳೆಯಿಲ್ಲದೆ ಮೈಯೆಲ್ಲ ತುರಿಕೆ: ಸಕ್ಕರೆ ಕಾಯಿಲೆ, ಕಾಮಾಲೆ, ಮೂತ್ರಪಿಂಡದ ತೊಂದರೆಗೆ ಪರೀಕ್ಷೆ ಬೇಕು.
- ಹೊಸ ಮಾತ್ರೆ ತಿಂದ ಮೇಲೆ ಜ್ವರ, ಬೊಬ್ಬೆ, ಬಾಯಿ ಹುಣ್ಣು: ತಡಮಾಡದೆ ಆಸ್ಪತ್ರೆಗೆ ಬನ್ನಿ.
- ತಿಂಗಳುಗಟ್ಟಲೆ ದುಃಖ, ಬದುಕು ಬೇಡವೆನ್ನಿಸುವುದು: ಇದೂ ಕಾಯಿಲೆಯೇ, ಇದಕ್ಕೂ ಚಿಕಿತ್ಸೆ ಇದೆ. ಸಂಕೋಚವಿಲ್ಲದೆ ಹೇಳಿ.

ಮನೆಗೆ ಹೋದ ಮೇಲೆ

ಕುಪ್ಪೇಲೂರು, ರಾಣೇಬೆನ್ನೂರು, ಬ್ಯಾಡಗಿ ಸುತ್ತಲಿನ ನಮಗೆ ಈ ಸಂಪತ್ತು ಹತ್ತಿರದಲ್ಲೇ ಇದೆ. ನಮ್ಮ ತಾಲೂಕಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಹರಡಿದೆ. ಅಷ್ಟು ದೂರ ಹೋಗಲಾಗದಿದ್ದರೆ ಹೊಲದ ಬದುವಿನ ಹುಣಸೆಮರ ಸಾಕು. ನಸುಕಿನಲ್ಲಿ ಟಿವಿ ಹಾಕುವ ಮುಂಚೆ ಹತ್ತು ನಿಮಿಷ ಕಟ್ಟೆಯ ಮೇಲೆ ಕುಳಿತು ಕೇಳಿ.

ನೆನಪಿಡಿ: ಮುಲಾಮು ಚರ್ಮಕ್ಕೆ, ಹಕ್ಕಿಯ ದನಿ ಮನಸ್ಸಿಗೆ. ಎರಡೂ ಸೇರಿದರೆ ನಿದ್ದೆ ಬರುತ್ತದೆ. ನಿದ್ದೆ ಬಂದ ರಾತ್ರಿ ಕೈ ಸುಮ್ಮನಿರುತ್ತದೆ, ಗಾಯ ಮಾಯುತ್ತದೆ.