ಶೆಟ್ಟರ ಗೊಂಬೆಯ ಎದುರು ಕಾಫಿ ಲೆಕ್ಕ

"ಗೊಂಬೆ ನೋಡೋಕೆ ಅಂತ ಬಂದ್ವಿ ಕಣೇ, ನಿನ್ನ ಬೆನ್ನು ನೋಡ್ಕೊಂಡು ಹೋಗ್ತಾ ಇದೀವಿ."

2024ರ ದಸರೆ, ಸರಸ್ವತಿ ಪೂಜೆಯ ಸಂಜೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಚಿಕ್ಕಮ್ಮ ಅಂದ ಮಾತಿದು. ನಗುತ್ತಲೇ ಅಂದರು. ಅವರು ಹೋದ ಮೇಲೆ ಲೋಟ ತೊಳೆಯುವಾಗ ನನಗೆ ಆ ಮಾತು ಚುಚ್ಚತೊಡಗಿತು. ಅವತ್ತು ಮನೆಗೆ ಬಂದವರು 14 ಜನ. ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗೆ ಅದೇನು ಭಾರೀ ಸಂಖ್ಯೆಯಲ್ಲ. ಅರಿಶಿನ-ಕುಂಕುಮ, ಮಕ್ಕಳಿಗೆ ಚರಪು, ದೊಡ್ಡವರಿಗೆ ಒಂದು ಲೋಟ ಕಾಫಿ. ಅಷ್ಟರಲ್ಲೇ ನಾನು ಸೋತಿದ್ದೆ. ಕಾರಣ, ಅಡುಗೆಮನೆಯ ಕಟ್ಟೆಯ ಮೇಲೆ ಹೊಸದಾಗಿ ಹೊಳೆಯುತ್ತಿದ್ದ ಎಸ್ಪ್ರೆಸೊ ಮೆಷಿನ್ನು.

ಬೀಜ ಪುಡಿ ಮಾಡು, ಬಟ್ಟಲಲ್ಲಿ ಒತ್ತು, ಇಳಿಸು, ಹಾಲಿಗೆ ಹಬೆ ಬಿಡು, ಕೊಳವೆ ಒರೆಸು. ಒಂದು ಕಪ್ಪಿಗೆ ನಾಲ್ಕು ನಿಮಿಷ. 14 ಕಪ್ಪಿಗೆ 56 ನಿಮಿಷ. ಮೊದಲನೆಯವರು ಕುಡಿದು ಕೈತೊಳೆದು ಹೊರಡುವ ಹೊತ್ತಿಗೂ ಕೊನೆಯವರಿಗೆ ನೊರೆ ಬಂದಿರಲಿಲ್ಲ. ಆ ಒಂದು ಗಂಟೆ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಮನೆಗೆ ಬಂದವರು ಹಾಲ್‌ನಲ್ಲಿ ಪಟ್ಟದ ಗೊಂಬೆಗಳ ಜೊತೆ ಕೂತಿದ್ದರು.

ಈ ಅಂಕಣದಲ್ಲಿ ಬೇರೆಯವರ ಖರ್ಚಿಗೆ ಬುದ್ಧಿ ಹೇಳುವ ನಾನು ಆ ಮೆಷಿನ್ನನ್ನು ಹೇಗೆ ಕೊಂಡೆ ಎಂಬುದನ್ನೂ ಹೇಳಬೇಕು. ಹಬ್ಬದ ಆನ್‌ಲೈನ್ ಮಾರಾಟದ ಕಾಲ. ಬೆಲೆ 26,500 ರೂಪಾಯಿ. ಪಕ್ಕದಲ್ಲೇ "ನೋ ಕಾಸ್ಟ್ ಇಎಂಐ, ಆರು ತಿಂಗಳು" ಎಂಬ ಹಸಿರು ಪಟ್ಟಿ. ತಿಂಗಳಿಗೆ 4,417 ಅಂದರೆ ಏನು ಮಹಾ ಅನ್ನಿಸಿತು. ಪೂರ್ತಿ ಹಣ ಒಂದೇ ಸಲ ಕೊಟ್ಟರೆ 1,500 ರಿಯಾಯಿತಿ ಇತ್ತು, ಅದರ ಕಡೆ ಕಣ್ಣು ಹೋಗಲಿಲ್ಲ. ಕಾರ್ಡಿನ ಬಿಲ್ ಬಂದಾಗ ನೋಡಿದರೆ ಪ್ರೊಸೆಸಿಂಗ್ ಶುಲ್ಕ 199, ಅದರ ಮೇಲೆ ಜಿಎಸ್‌ಟಿ ಸೇರಿ 235. ತಿಂಗಳು ತಿಂಗಳೂ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಆರು ತಿಂಗಳಿಗೆ ಒಟ್ಟು 202.

ಬಡ್ಡಿಯೇ ಇಲ್ಲ ಅಂದಮೇಲೆ ಬಡ್ಡಿಯ ಮೇಲೆ ತೆರಿಗೆ ಎಲ್ಲಿಂದ ಬಂತು? ಬಡ್ಡಿ ಇರುತ್ತದೆ. ಮಾರುವವರು ಅಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದು ತೋರಿಸುತ್ತಾರೆ, ಬ್ಯಾಂಕು ಅದನ್ನು ಬಡ್ಡಿಯೆಂದು ನಮ್ಮಿಂದ ವಸೂಲಿ ಮಾಡುತ್ತದೆ, ಆ ಬಡ್ಡಿಯ ತೆರಿಗೆ ನಮ್ಮ ತಲೆಗೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ನಾನು ಅದನ್ನು ಓದಿದ್ದೆ, ಇದೇ ಅಂಕಣದಲ್ಲಿ ಬರೆದೂ ಇದ್ದೆ. ಓದಿದ್ದು ಒಂದು ಕಡೆ, ಹಬ್ಬದ ಹುರುಪು ಇನ್ನೊಂದು ಕಡೆ. "ಖರ್ಚಿಲ್ಲದ" ಆ ಕಂತಿಗೆ, ಬಿಟ್ಟುಕೊಟ್ಟ ರಿಯಾಯಿತಿಯೂ ಸೇರಿ, ನಾನು ತೆತ್ತದ್ದು 1,937 ರೂಪಾಯಿ.

ಮೆಷಿನ್ನಿನ ಹಿಂದೆಯೇ 6,000 ರೂಪಾಯಿಯ ಗ್ರೈಂಡರೂ ಬಂತು. ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡುತ್ತಾರೆಯೇ! ಹನ್ನೊಂದು ತಿಂಗಳಲ್ಲಿ 250 ಗ್ರಾಮಿನ ಆರು ಪೊಟ್ಟಣ ಹುರಿದ ಬೀಜ ಖರ್ಚಾಯಿತು. ಒಂದು ಕಪ್ಪಿಗೆ 18 ಗ್ರಾಮಿನ ಲೆಕ್ಕದಲ್ಲಿ 83 ಕಪ್. ಕೊನೆಗೆ ಎದುರುಮನೆಯ ಹುಡುಗ ಎರಡನ್ನೂ ಸೇರಿಸಿ 12,000ಕ್ಕೆ ಕೊಂಡ. ಬಂದದ್ದನ್ನು ಕಳೆದರೆ ಯಂತ್ರಗಳ ಮೇಲೆ ಕರಗಿದ ಹಣ 20,937. ಅದನ್ನು 83ರಿಂದ ಭಾಗಿಸಿ, ಬೀಜದ 43 ಮತ್ತು ಹಾಲಿನ 8 ರೂಪಾಯಿ ಸೇರಿಸಿದರೆ ಕಪ್ಪೊಂದಕ್ಕೆ 303 ರೂಪಾಯಿ ಬಿತ್ತು. ಆಗ ನಮ್ಮ ಬೀದಿಯ ಹೋಟೆಲ್ಲಿನಲ್ಲಿ ಫಿಲ್ಟರ್ ಕಾಫಿಗೆ 20 ರೂಪಾಯಿ ಇತ್ತು.

2025ರ ದಸರೆ ಹತ್ತಿರ ಬಂದಾಗ ಲೆಕ್ಕವನ್ನು ತಿರುಗಿಸಿ ಹಾಕಿದೆ. ಏನು ಕೊಳ್ಳಲಿ ಎಂದು ಶುರುಮಾಡುವ ಬದಲು, ಬಂದವರ ಜೊತೆ ನಾನೂ ಕೂತಿರಬೇಕಾದರೆ ಏನು ಬೇಕು ಎಂದು ಕೇಳಿಕೊಂಡೆ. ಉತ್ತರ ಹಳೆಯದೇ: ಡಿಕಾಕ್ಷನ್. ಮಧ್ಯಾಹ್ನವೇ ಇಳಿದು ಕಾಯುವ, ಹತ್ತು ಜನಕ್ಕೂ ಒಂದೇ ಸಲ ಒದಗುವ ಕಾಫಿ ಅದು. ಅದಕ್ಕೆ ಹಾಲ್‌ನ ಮೂಲೆಯಲ್ಲೊಂದು ಜಾಗ ಮಾಡಿದರೆ ಅಡುಗೆಮನೆಗೆ ಓಡುವ ಕೆಲಸವೇ ಇಲ್ಲ.

ಸಾಸಿವೆ ಡಬ್ಬಿಯಲ್ಲಿ ತಿಂಗಳಿಗೆ 250ರಂತೆ ಎತ್ತಿಟ್ಟ 3,000 ರೂಪಾಯಿ ಇತ್ತು. ಅದನ್ನು ದಾಟಬಾರದು ಎಂದು ಗೆರೆ ಎಳೆದೆ. ಜೊತೆಗೊಂದು ಕಟ್ಟಳೆ: ಹಬ್ಬಕ್ಕೆ ಮಾತ್ರ ಬೇಕಾದದ್ದನ್ನು ಎರವಲು ತರುವುದು, ದಿನವೂ ಬೇಕಾದದ್ದನ್ನು ಮಾತ್ರ ಕೊಳ್ಳುವುದು.

ಹೊಲಿಗೆ ಮೆಷಿನ್ನಿನ ಮೇಜಿಗೆ ಅಮ್ಮನ ಹಳೇ ಇಳಕಲ್ ಸೀರೆ ಹೊದಿಸಿದೆ. ದೊಡ್ಡ ಹಿತ್ತಾಳೆ ಫಿಲ್ಟರನ್ನು ವಾರಗಿತ್ತಿಯ ಮನೆಯಿಂದ ತಂದೆ. ಅಟ್ಟದ ಟ್ರಂಕಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಉಡುಗೊರೆ ಬಂದ ಸ್ಟೀಲ್ ಲೋಟಗಳಿದ್ದವು, 31. ಒಂದೊಂದರ ಮೇಲೂ ಕೊಟ್ಟವರ ಹೆಸರು, ತಾರೀಖು. ಹೊಸ ಪಿಂಗಾಣಿ ಕಪ್ಪಿನ ಸೆಟ್ಟಿಗೆ 1,800 ಹೇಳಿದ್ದ ಅಂಗಡಿಯಿಂದ ಬರಿಗೈಯಲ್ಲಿ ಬಂದಿದ್ದೆ. ಟ್ರಂಕು ತೆರೆದ ಮೇಲೆ ಬಂದದ್ದೇ ಒಳ್ಳೆಯದಾಯಿತು ಅನ್ನಿಸಿತು. ಹಬ್ಬದಲ್ಲಿ ಆ ಲೋಟಗಳದ್ದೇ ಒಂದು ಆಟವಾಯಿತು. "ಇದು ನಾವು ಕೊಟ್ಟಿದ್ದಲ್ವಾ, 1987!" ಎಂದು ಪಕ್ಕದ ಬೀದಿಯ ಅಜ್ಜಿ ತಮ್ಮ ಯಜಮಾನರ ಹೆಸರಿನ ಲೋಟ ಹುಡುಕಿ ಹಿಡಿದು, ಅದರಲ್ಲೇ ಕಾಫಿ ಬೇಕೆಂದರು.

ಕೊಂಡದ್ದು ಒಂದೇ ವಸ್ತು, ಒಂದು ಲೀಟರಿನ ಸ್ಟೀಲ್ ಫ್ಲಾಸ್ಕು, 950 ರೂಪಾಯಿ. ಮನೆಯಲ್ಲಿ ಒಂದು ಚಿಕ್ಕದಿತ್ತು. ಚಿಕ್ಕದರಲ್ಲಿ ಡಿಕಾಕ್ಷನ್, ದೊಡ್ಡದರಲ್ಲಿ ಕುದಿಸಿದ ಹಾಲು. ಎರಡನ್ನೂ ಮೊದಲೇ ಬೆರೆಸಿಟ್ಟರೆ ಅರ್ಧ ಗಂಟೆಯಲ್ಲಿ ಕಾಫಿಗೆ ಮುಗ್ಗಲು ವಾಸನೆ. ಮೊದಲ ಸಂಜೆ ಹಾಗೇ ಮಾಡಿ ಎಂಟು ಲೋಟ ಚೆಲ್ಲಿದೆ. ಹಾಲನ್ನು ಫ್ಲಾಸ್ಕಿನಲ್ಲಿ ಎರಡು-ಮೂರು ಗಂಟೆಗಿಂತ ಹೆಚ್ಚು ಇಡಬಾರದು, ಒಡೆಯುತ್ತದೆ. ಆರಕ್ಕೆ ಒಮ್ಮೆ, ಬೇಕಾದರೆ ಎಂಟಕ್ಕೆ ಇನ್ನೊಮ್ಮೆ ತುಂಬಿದರೆ ಸರಿ.

ಪುಡಿಯ ವಿಷಯಕ್ಕೆ ಬಂದಾಗ ಕೈ ಬಿಗಿಹಿಡಿಯುವ ಆಸೆ ನನಗೂ ಆಯಿತು. ನಾನು 2023ರಲ್ಲಿ ಕೆ.ಜಿ.ಗೆ 560 ಕೊಡುತ್ತಿದ್ದ ಪುಡಿಗೆ 2025ರ ದಸರೆಯಲ್ಲಿ 900. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲೇ. ಮಡಿಕೇರಿ ಇಲ್ಲಿಂದ ಮೂರು ಗಂಟೆಯ ದಾರಿ. ಆದರೂ ಬೆಲೆ ಹೇಳುವುದು ಲಂಡನ್, ನ್ಯೂಯಾರ್ಕ್ ಪೇಟೆಗಳು, ಏಕೆಂದರೆ ನಮ್ಮ ಬೆಳೆಯ ಹೆಚ್ಚು ಪಾಲು ಹಡಗು ಹತ್ತುತ್ತದೆ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು, 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಆ ಬಿಸಿ ನಮ್ಮ ಪುಡಿ ಅಂಗಡಿಯ ಹಲಗೆಗೂ ತಟ್ಟಿತು. ಏಪ್ರಿಲ್ 1ರಿಂದ ನಂದಿನಿ ಹಾಲೂ ಲೀಟರಿಗೆ 4 ರೂಪಾಯಿ ಏರಿತ್ತು. ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರಂದು, ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ "ಕಾಫಿ ಅಗ್ಗ ಆಯ್ತಂತೆ" ಎಂದು ಪಕ್ಕದ ಮನೆಯವರು ಸಂಭ್ರಮಿಸಿದರು. ಶೇ 18ರಿಂದ 5ಕ್ಕೆ ಇಳಿದದ್ದು ಇನ್‌ಸ್ಟಂಟ್ ಕಾಫಿಯ ತೆರಿಗೆ. ನಮ್ಮ ಫಿಲ್ಟರ್ ಪುಡಿಯ ಮೇಲೆ ಮೊದಲಿನಿಂದಲೂ ಶೇ 5ರಷ್ಟೇ.

ಹಾಗಾದರೆ ಚಿಕೋರಿ ಹೆಚ್ಚಿರುವ ಪುಡಿ ತಂದರೆ? ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್‌ಗೆ ಬಣ್ಣ ಬರುತ್ತದೆ, ಗಟ್ಟಿಯಾಗುತ್ತದೆ. ಬೆರಕೆಯ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು ಎಂಬುದು ನಿಯಮ. ಕೊಳ್ಳುವ ಮುನ್ನ ಆ ಸಣ್ಣ ಅಕ್ಷರ ಓದಿ. ನಾನು ತರುವುದು 80ಕ್ಕೆ 20. 60ಕ್ಕೆ 40ರ ಪುಡಿ ಕೆ.ಜಿ.ಗೆ 160 ಕಡಿಮೆ ಇತ್ತು. ಕಪ್ಪಿಗೆ ಎಂಟು ಗ್ರಾಮಿನಂತೆ ಲೆಕ್ಕ ಹಾಕಿದರೆ ಇಡೀ ಹಬ್ಬಕ್ಕೆ ಉಳಿಯುವುದು 118 ರೂಪಾಯಿ. 118 ರೂಪಾಯಿಗೋಸ್ಕರ ಅಷ್ಟು ಜನರ ನಾಲಿಗೆಗೆ ಮೋಸ ಮಾಡಲು ಮನಸ್ಸಾಗಲಿಲ್ಲ. ಮೆಷಿನ್ನಿಗೆ ಸಾವಿರಗಟ್ಟಲೆ ಸುರಿದು ಪುಡಿಯಲ್ಲಿ ನೂರು ಉಳಿಸುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಬಂದವರಿಗೆ ದಕ್ಕುವುದು ಪುಡಿಯ ಗುಣವೇ ಹೊರತು ಮೆಷಿನ್ನಿನ ಬೆಲೆಯಲ್ಲ.

ಒಂದು ತಕರಾರು ಉಳಿದಿತ್ತು. ಲೋಟ, ಸೌಟು, ಸಕ್ಕರೆ, ಬೆಲ್ಲ ಎಲ್ಲ ಜೋಡಿಸಿ "ನಿಮಗೆ ಬೇಕಾದ ಹಾಗೆ ಬೆರೆಸಿಕೊಳ್ಳಿ" ಎಂದು ಚೀಟಿ ಅಂಟಿಸಿದ್ದೆ. ಅತ್ತೆ ಅದನ್ನು ಓದಿ ಕಿತ್ತು ಹಾಕಿದರು. "ಮುತ್ತೈದೇರನ್ನ ಮನೆಗೆ ಕರೆದು ನೀವೇ ಮಾಡ್ಕೊಳ್ಳಿ ಅನ್ನೋದಾ? ಇದೇನು ಮದುವೆ ಛತ್ರದ ಬಫೆಯಾ?" ಎಂದವರು ತಾವೇ ಕುರ್ಚಿ ಎಳೆದುಕೊಂಡು ಮೇಜಿನ ಹಿಂದೆ ಕೂತರು. ಅವರಿಗೆ 76. ಮಂಡಿ ನೋವಿನಿಂದ ಎರಡು ವರ್ಷದಿಂದ ಅಡುಗೆಮನೆಯಲ್ಲಿ ನಿಲ್ಲಲಾಗಿರಲಿಲ್ಲ. ಗೊಂಬೆಯ ದಿನಗಳಲ್ಲಿ ಒಂದು ಮೂಲೆಯಲ್ಲಿ ಕೂತು "ಕಾಫಿ ಆಯ್ತಾ?" ಎಂದು ಎಲ್ಲರನ್ನೂ ಕೇಳುವುದಷ್ಟೇ ಅವರ ಪಾಲಿನ ಹಬ್ಬವಾಗಿತ್ತು. ಈಗ ಕೂತಲ್ಲೇ ಕಾರುಬಾರು. ಯಾರಿಗೆ ಸ್ಟ್ರಾಂಗ್, ಯಾರಿಗೆ ಸಕ್ಕರೆ ಕಮ್ಮಿ, ಯಾರ ಮನೆಯಲ್ಲಿ ಬೆಲ್ಲದ ಕಾಫಿ ರೂಢಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಸಂಜೆ ಕಾಫಿ ಬಿಟ್ಟವರಿಗೆ ಕೊತ್ತಂಬರಿ-ಜೀರಿಗೆ ಕಷಾಯ, ಮಕ್ಕಳಿಗೆ ಬಾದಾಮಿ ಹಾಲು. ನಾನು ಚಾಪೆಯ ಮೇಲೆ ಕೂತು ಬಂದವರ ಜೊತೆ ಹರಟೆ ಹೊಡೆದೆ.

ಆ ವರ್ಷ ತಿಥಿ ಹೆಚ್ಚಿ ದಸರೆ 11 ದಿನ ನಡೆಯಿತು. ಬಂದವರು 118 ಜನ. 92 ಕಾಫಿ, 14 ಕಷಾಯ, 12 ಬಾದಾಮಿ ಹಾಲು. ಪುಡಿ 750 ಗ್ರಾಂ, 675 ರೂಪಾಯಿ, ಘಮ ಹೋಗದಂತೆ ಮೂರು ಸಲ ಕಾಲು ಕಾಲು ಕೆ.ಜಿ. ತಂದದ್ದು. ಹಾಲು 10 ಲೀಟರ್, 520. ಉಳಿದದ್ದಕ್ಕೆ ಹೆಪ್ಪು ಹಾಕಿದೆ. ಸಕ್ಕರೆ-ಬೆಲ್ಲ 150, ಬಾದಾಮಿ ಪುಡಿ 120, ಕಷಾಯದ ಸಾಮಾನು 80, ಗ್ಯಾಸ್ ಅಂದಾಜು 60. ಒಟ್ಟು 1,605, ತಲೆಗೆ 13 ರೂಪಾಯಿ 60 ಪೈಸೆ. ಫ್ಲಾಸ್ಕು ಸೇರಿ 2,555. ಫ್ಲಾಸ್ಕು ಈಗ ದಿನವೂ ಬೆಳಗಿನ ಕಾಫಿಗೆ ದುಡಿಯುತ್ತಿದೆ. ಡಬ್ಬಿಯಲ್ಲಿ 445 ಮಿಕ್ಕಿತು.

ಎಡವಟ್ಟು ಆಗಲಿಲ್ಲವೆಂದಲ್ಲ. ಭಾನುವಾರ ಒಟ್ಟಿಗೆ 26 ಜನ ಬಂದು ಡಿಕಾಕ್ಷನ್ ಮುಗಿದೇಹೋಯಿತು. ಗಾಬರಿಯಲ್ಲಿ ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿದೆ. ಚಿಕ್ಕಮ್ಮ ಒಂದು ಗುಟುಕು ಹೀರಿ ಲೋಟ ಕೆಳಗಿಟ್ಟರು. "ಇವತ್ತು ನಿನ್ನ ಮುಖ ಚೆನ್ನಾಗಿ ಕಂಡಿತು ಕಣೇ. ಕಾಫೀಲಿ ನನ್ನ ಮುಖವೂ ಕಾಣ್ತಾ ಇದೆ."

ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸುವ ಮೊದಲು ಕಾಫಿ ಮೇಜಿನ ಎದುರು ಕೂತು ಲೆಕ್ಕ ಬರೆಯುತ್ತಿದ್ದೆ. ಅಕ್ಕಿ-ಬೇಳೆ ಹರಡಿಕೊಂಡು ಕೂತ ಶೆಟ್ಟರ ದಂಪತಿಯ ಗೊಂಬೆಯನ್ನು ಆ ಮೇಜಿನ ಮೇಲೇ ಇಟ್ಟಿದ್ದೆ. ವ್ಯಾಪಾರದ ಜಾಗದಲ್ಲಿ ಅವರಿದ್ದರೆ ಚೆಂದ ಎಂದು. ಅತ್ತೆ ಕನ್ನಡಕ ಏರಿಸಿಕೊಂಡು ನನ್ನ ಪುಸ್ತಕದೊಳಗೆ ಇಣುಕಿ ಬೆರಳಿಟ್ಟು ಓದಿದರು. ಪುಡಿ, ಹಾಲು, ಸಕ್ಕರೆ, ಗ್ಯಾಸ್.

"ಎಲ್ಲಾ ಸರಿ. ನನ್ನ ಸಂಬಳ ಎಲ್ಲಿ ಬರೆದಿದೀಯ?"

ನಕ್ಕೆ. ನಕ್ಕ ಮೇಲೆ ಹಿಂದಿನ ವರ್ಷದ ಪುಟ ತಿರುಗಿಸಿದೆ. 303 ರೂಪಾಯಿಯ ಕಪ್ಪಿನ ಲೆಕ್ಕದಲ್ಲಿ ಪೈಸೆಪೈಸೆಯೂ ಇತ್ತು, ಸರಸ್ವತಿ ಪೂಜೆಯ ಸಂಜೆ ನಾನು ಗೋಡೆ ನೋಡುತ್ತ ನಿಂತ 56 ನಿಮಿಷ ಇರಲಿಲ್ಲ. ಅದಕ್ಕೂ ಹಿಂದೆ, ಎಷ್ಟೋ ದಸರೆಗಳಲ್ಲಿ ಅತ್ತೆ ಒಲೆಯ ಮುಂದೆ ನಿಂತದ್ದು ಯಾರ ಪುಸ್ತಕದಲ್ಲೂ ಇಲ್ಲ. 445 ರೂಪಾಯಿಯನ್ನು ಮುಂದಿನ ವರ್ಷಕ್ಕೆ ಒಯ್ಯುವ ಬದಲು ಕೊನೆಯ ಸಾಲು ಹೀಗೆ ಬರೆದೆ: "ಅತ್ತೆಯವರಿಗೆ, 11 ದಿನದ ಬಾಬ್ತು, 445."

ಅವರು ನೋಟುಗಳನ್ನು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ದಿನಕ್ಕೆ ನಲವತ್ತೂ ಚಿಲ್ಲರೆ ಆಯ್ತು," ಅಂದರು. "ಮುಂದಿನ ವರ್ಷ ಜಾಸ್ತಿ ಕೇಳ್ತೀನಿ, ಈಗಲೇ ಡಬ್ಬಿಗೆ ಹಾಕ್ತಾ ಬಾ."