ಅಂಗಳಕ್ಕೆ ಹೋದ ಬಾಲವಾಡಿ

ನಮ್ಮ ವಾಚನಾಲಯಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳು ಶಿಶುವಿಹಾರದ ಉಪಾಧ್ಯಾಯಿನಿಯರ ತರಬೇತಿಗೆ ಸೇರಬೇಕೆಂದಿದ್ದಾರೆ. ಅವರಲ್ಲಿ ಒಬ್ಬಳ ತಂದೆ, "ಮಕ್ಕಳಾಡಿಸುವುದನ್ನು ಕಲಿಯುವುದಕ್ಕೂ ಫೀಜು ಕೊಡಬೇಕೇನ್ರೀ?" ಎಂದು ನಮ್ಮನ್ನೇ ಕೇಳಿದರು. ಕೇಳತಕ್ಕ ಮಾತೇ. ಅದಕ್ಕಾಗಿ ಈ ಪಾಠ.

1945ರಲ್ಲಿ ತಾರಾಬಾಯಿ ಮೋಡಕರು ಮುಂಬಯಿಯ ಉತ್ತರಕ್ಕೆ ಕಡಲತೀರದ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘರು ಜೊತೆಗಾರ್ತಿ. ತಾರಾಬಾಯಿಯವರು ಅದಕ್ಕೂ ಮುಂಚೆ ಭಾವನಗರದಲ್ಲಿ ಗಿಜುಭಾಯಿ ಬಧೇಕರೊಡನೆ ದುಡಿದು ಮಾಂಟೆಸೊರಿ ಪದ್ಧತಿಯನ್ನು ಬಲ್ಲವರು. ಆದರೆ ಬೋರ್ಡಿಯ ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲೊಲ್ಲರು. ಬಾರದವರನ್ನು ಬೈಯದೆ ಶಿಕ್ಷಕಿಯರೇ ಕೇರಿಗೆ ಹೋದರು. ಅಂಗಳದಲ್ಲಿಯೇ ಹಾಡು, ಆಟ, ಶುಚಿತ್ವದ ಪಾಠ, ಎಲ್ಲವೂ ತಾಯಂದಿರ ಕಣ್ಣೆದುರಿಗೆ. ಅಂಗನವಾಡಿ ಎಂದರೆ ಅದೇ. 1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ ಹೋಯಿತು. ಅಲ್ಲಿ ದನ ಕಾಯುವ ಮಕ್ಕಳ ಹಿಂದೆ ಪಾಠವೂ ಹುಲ್ಲುಗಾವಲಿಗೆ ನಡೆಯಿತು. ಆಟದ ಸಾಮಾನೆಂದರೆ ಬೀಜ, ಎಲೆ, ಕಲ್ಲು, ಚಿಪ್ಪು, ಮಣ್ಣು. ದುಡ್ಡು ಮುಗಿದರೂ ಇವು ಮುಗಿಯುವಂಥವಲ್ಲ.

ನಮ್ಮ ದೆಹಲಿಯಲ್ಲೂ ಇಂಥದೊಂದು ನಡೆದಿದೆ. 1969ರ ಗಾಂಧೀ ಶತಾಬ್ದಿಗೆಂದು ರಾಜಘಾಟದ ಬಳಿ ಪ್ರದರ್ಶನದ ಕಟ್ಟಡ ಏಳುತ್ತಿತ್ತು. ಇಟ್ಟಿಗೆ ಹೊರುವ ತಾಯಂದಿರ ಕೂಸುಗಳು ಧೂಳಿನಲ್ಲಿ ಮಲಗಿದ್ದುದನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಶಿಶುಕೇಂದ್ರವನ್ನು ಪ್ರಾರಂಭಿಸಿದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಕಟ್ಟಡ ಮುಗಿದರೆ ಕೂಲಿಗಳು ಬೇರೆಡೆಗೆ ನಡೆಯುವರು. ಕೇಂದ್ರವೂ ಅಲ್ಲಿಂದ ಏಳಬೇಕು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಫೀಜಿನ ಮಾತು. ಕಳೆದ ವರ್ಷ ನಾವು ಭಾನುವಾರದ ಮಕ್ಕಳ ಕೂಟಕ್ಕೆಂದು ಚಂದಾ ಎತ್ತಿ ಪ್ಲಾಸ್ಟಿಕ್ ಆಟಿಕೆಗಳನ್ನು ತಂದೆವು. ಒಂದೊಂದು ಮಗುವೂ ಒಂದೊಂದನ್ನು ಅವಚಿಕೊಂಡು ಮೂಲೆ ಸೇರಿತು, ಮಾತೇ ಇಲ್ಲ. ತಿಂಗಳೊಳಗೆ ಅರ್ಧ ಮುರಿದವು. ಆಮೇಲೆ ಗಿರಣಿಯಲ್ಲಿ ಅಪ್ಪಣೆ ಪಡೆದು ಒಂದು ಬುಟ್ಟಿ ಖಾಲಿ ಕಂಡಿಕೆಗಳನ್ನು ತಂದು ನಡುವೆ ಸುರಿದೆವು. ಒಬ್ಬಳು ಸಾಲಾಗಿ ಜೋಡಿಸಿದಳು, ಒಬ್ಬ ಬೀಳದಂತೆ ಹಿಡಿದ, ಹಿಂದಿ ಮಾತಾಡುವ ನೆರೆಮನೆಯ ಹುಡುಗ "ರೇಲ್‌ಗಾಡಿ" ಎಂದು ಕೂಗಿದ. ಎಲ್ಲರೂ ಒಂದಾದರು. ಎಂಜಿನ್ ಯಾರದೆಂದು ಜಗಳವೂ ಹತ್ತಿತು. ನಾವು ಗದರಿಸಿಬಿಟ್ಟೆವು. ಆಟ ಅಲ್ಲಿಗೇ ನಿಂತಿತು, ಒಂದು ಮಗು ಮುಂದಿನ ವಾರ ಬರಲೇ ಇಲ್ಲ.

ಅಂಥ ಜಗಳದಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ನಡುವೆ ಹೋಗಬೇಕು, ಹೋದರೆ ಯಾರೊಡನೆ ಮೊದಲು ಮಾತಾಡಬೇಕು, ಅಳುವ ಮಗುವಿನ ತಾಯಿಗೆ ಏನು ಹೇಳಬೇಕು: ಇದು ನಮಗೆ ತಿಳಿಯದು. ಆ ಹೆಣ್ಣುಮಕ್ಕಳು ಕಲಿಯಹೊರಟಿರುವುದು ಇದನ್ನೇ ಎಂದು ಆ ತಂದೆಗೆ ಹೇಳಿದೆವು. ಅವರಿನ್ನೂ ಹೂಂ ಅಂದಿಲ್ಲ. ಈ ಭಾನುವಾರ ಕೂಟಕ್ಕೆ ಬಂದು ನೋಡುವುದಾಗಿ ಒಪ್ಪಿದ್ದಾರೆ.

ಖಾಲಿ ಬೆಂಕಿಪೊಟ್ಟಣ, ತೆಂಗಿನ ಕರಟಗಳಿದ್ದವರು ತಂದುಕೊಡಿ. ಹುಣಿಸೆಬೀಜ ಬೇಡ, ಚಿಕ್ಕವು ಬಾಯಿಗೆ ಹಾಕಿಕೊಳ್ಳುತ್ತವೆ.