ಕಾಲವೂ ಕಂಪನವೂ

ಶಬ್ದವನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳಬಹುದು. ಅದು ಯಾವಾಗ ಬಂತು? ಅದರಲ್ಲಿ ಸೆಕೆಂಡಿಗೆ ಎಷ್ಟೆಷ್ಟು ಕಂಪನಗಳುಳ್ಳ ಸ್ವರಗಳು ಬೆರೆತಿವೆ? ಎರಡನೆಯದಕ್ಕೆ ದಾರಿ ತೋರಿದವನು ಫ್ರಾನ್ಸಿನ ಗಣಿತಜ್ಞ ಫೂರಿಯೆ. ಉಷ್ಣವನ್ನು ಕುರಿತು 1822ರಲ್ಲಿ ಅವನು ಪ್ರಕಟಿಸಿದ ಗ್ರಂಥದ ವಿಧಾನದಿಂದ ಜಟಿಲವಾದ ತರಂಗವನ್ನು ಸರಳ ತರಂಗಗಳ ಮೊತ್ತವಾಗಿ ಬಿಡಿಸಬಹುದು. ಆದರೆ ಸ್ವರಗಳು ಯಾವಾಗ ಬಂದವೆಂಬುದು ಅಲ್ಲಿ ಕಣ್ಣಿಗೆ ಕಾಣದು. ಸ್ವರಗಳ ಪಟ್ಟಿಯಿದೆ, ತಾಳವಿಲ್ಲ.

ಹಾಗಾದರೆ ಶಬ್ದವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೂ ಬಿಡಿಸಿ ನೋಡೋಣ. ಅಡ್ಡಲಾಗಿ ಕಾಲ, ಮೇಲ್ಮುಖವಾಗಿ ಕಂಪನಸಂಖ್ಯೆ ಇರುವ ಚೌಕುಳಿಯ ಚಿತ್ರ ದೊರೆಯುತ್ತದೆ. ಆದರೆ ಇದಕ್ಕೊಂದು ಬೆಲೆಯುಂಟು. ತುಂಡು ಸೆಕೆಂಡಿನ 50ರಲ್ಲೊಂದು ಪಾಲಾದರೆ, ಸುಮಾರು 50 ಕಂಪನಗಳಿಗಿಂತ ಹತ್ತಿರವಿರುವ ಸ್ವರಗಳು ಬೇರೆಯಾಗಿ ತೋರವು. ತುಂಡನ್ನು ಹತ್ತರಲ್ಲೊಂದು ಪಾಲಿಗೆ ಹಿಗ್ಗಿಸಿದರೆ 10 ಕಂಪನಗಳ ಅಂತರವೂ ತೋರುತ್ತದೆ. ಆದರೆ 'ಟ'ಕಾರದ ಸಿಡಿತ ಹರಡಿಹೋಗುತ್ತದೆ. ಈ ಮಿತಿಯನ್ನು 1946ರಲ್ಲಿ ಡೆನಿಸ್ ಗೇಬರ್ ಗಣಿತದಿಂದ ನಿರೂಪಿಸಿದನು.

ಇಬ್ಬರು ಒಟ್ಟಿಗೆ ಮಾತನಾಡುತ್ತಿರುವರೆನ್ನಿ. ಒಬ್ಬನ ಧ್ವನಿಯ ಮೂಲ 120 ಕಂಪನ. ಅದರ ಅನುಸ್ವರಗಳು 240, 360, 480, 600. ಇನ್ನೊಬ್ಬಳದು 200, ಅನುಸ್ವರಗಳು 400, 600. 600ರಲ್ಲಿ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ. ಉಳಿದೆಡೆ ಬೇರೆಬೇರೆ ಮನೆಗಳಲ್ಲಿದ್ದಾರೆ. ಪ್ರತಿ ಮನೆಯನ್ನೂ ಅಲ್ಲಿ ಪ್ರಬಲನಾದವನಿಗೆ ಕೊಟ್ಟು, ಮತ್ತೆ ಶಬ್ದವಾಗಿ ಜೋಡಿಸಿದರೆ ಮಾತುಗಳು ಬಹುಮಟ್ಟಿಗೆ ಬೇರ್ಪಡುತ್ತವೆ. ಯಾವ ಮನೆ ಯಾರದೆಂದು ಗುರುತಿಸುವುದನ್ನು ಇಂದು ಗಣಕಯಂತ್ರಗಳಿಗೆ ಉದಾಹರಣೆಗಳಿಂದ ಕಲಿಸುತ್ತಾರೆ.

ಕಾರ್ಖಾನೆಯಲ್ಲೂ ಇದೇ ವಿದ್ಯೆ. ನಾಲ್ಕು ಹಲ್ಲಿನ ಕತ್ತರಿಗಾಲಿ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಲೋಹಕ್ಕೆ ಸೆಕೆಂಡಿಗೆ 80 ಪೆಟ್ಟು ಬೀಳುತ್ತದೆ. ಕಡಿತ ಸರಿಯಾಗಿದ್ದರೆ ಮುಖ್ಯವಾಗಿ 80, 160, 240ರಲ್ಲಿ ಗೆರೆಗಳು ಕಾಣುತ್ತವೆ. ಒಂದು ಹಲ್ಲು ಬಿಟ್ಟ ಅಲೆಯನ್ನು ಮುಂದಿನ ಹಲ್ಲು ಬೆಳೆಸತೊಡಗಿದಾಗ, ಯಂತ್ರದ ಸಹಜ ಕಂಪನದ ಹತ್ತಿರ, ಈ ಸಾಲಿಗೆ ಸೇರದ ಹೊಸ ಗೆರೆ ಮೂಡುತ್ತದೆ. ಇದೇ 'ಚಾಟರ್'. ಗೆರೆ ಮೂಡಿದ ಕ್ಷಣವೇ ತಿಳಿದರೆ ವೇಗವನ್ನೋ ಕಡಿತದ ಆಳವನ್ನೋ ಬದಲಿಸಿ ಕೆಲಸವನ್ನು ಉಳಿಸಬಹುದು.

ನನ್ನ ತಂದೆಯವರು ಶಾಲೆ ಕಂಡವರಲ್ಲ. ಯಂತ್ರದ ಮುಂದೆ ದುಡಿಯುತ್ತ, "ಇದು ನರಳುತ್ತಿದೆ" ಎಂದು ಕಿವಿಯಿಂದಲೇ ಹೇಳಬಲ್ಲವರಾಗಿದ್ದರು. ಅದೇ ಗದ್ದಲ ಇಂದು ಅವರ ಕಿವಿಯನ್ನು ಮಂದಮಾಡಿದೆ. ಆ ತಿಳಿವನ್ನು ಯಾರ ಕಿವಿಯನ್ನೂ ಬಲಿಗೊಡದೆ ಕಾಪಾಡುವುದು ಸಾಧ್ಯವಾಗಿರುವುದರಿಂದಲೇ, ಕಲಾ ವಿಭಾಗದವನಾದ ನನಗೆ ಈ ಗಣಿತ ಪರಕೀಯವೆನಿಸದು.

ಆದರೂ ತುಂಡಿನ ಉದ್ದವನ್ನು ಗೊತ್ತುಮಾಡುವುದಕ್ಕೆ, ಏನನ್ನು ಕೇಳಬೇಕೆಂಬುದು ಮೊದಲು ತಿಳಿದಿರಬೇಕು.